ಸಿಹಿಮೂತ್ರ ರೋಗದಲ್ಲಿ ಎಲ್ಲರಿಗೂ ಒಂದೇ ಅಳತೆಯೆ?

ಒಂದೇ ಮನೆಯಲ್ಲಿ ನಲವತ್ತೈದು ವರ್ಷದ ಮಗನಿಗೂ ಎಪ್ಪತ್ತೆಂಟು ವರ್ಷದ ತಾಯಿಗೂ ಸಿಹಿಮೂತ್ರ ರೋಗವಿರುವುದು ಮುಂಬಯಿ, ಪುಣೆಗಳ ನಮ್ಮ ಕುಟುಂಬಗಳಲ್ಲಿ ಅಪರೂಪವೇನಲ್ಲ. ಇಬ್ಬರ ವರದಿಯಲ್ಲಿಯೂ ಎಚ್‌ಬಿಎ1ಸಿ ಎಂಬ ಅಂಕಿ ಶೇಕಡಾ 7.8 ಎಂದು ಬಂದಿದೆಯೆಂದು ಭಾವಿಸೋಣ. ವೈದ್ಯರು ಮಗನ ಔಷಧವನ್ನು ಹೆಚ್ಚಿಸುತ್ತಾರೆ; ತಾಯಿಯದನ್ನು ಇದ್ದಂತೆಯೇ ಬಿಡುತ್ತಾರೆ, ಕೆಲವೊಮ್ಮೆ ಕಡಮೆ ಮಾಡುವುದೂ ಉಂಟು. ವಯಸ್ಸಾದವರೆಂದು ಅಲಕ್ಷಿಸಿದರೇನೋ ಎಂಬ ಸಂಶಯ ಮನೆಯವರಿಗೆ ಸಹಜ. ಆದರೆ ಆ ನಿರ್ಧಾರದ ಹಿಂದೆ ದೀರ್ಘಕಾಲದ ಸಂಶೋಧನೆಯಿದೆ.

ಈ ಅಂಕಿಯು ಕಳೆದ ಎರಡು ಮೂರು ತಿಂಗಳುಗಳಲ್ಲಿ ರಕ್ತದಲ್ಲಿದ್ದ ಸಕ್ಕರೆಯ ಸರಾಸರಿಯನ್ನು ಸೂಚಿಸುತ್ತದೆ. ಅದನ್ನು ಇಳಿಸುವುದರಿಂದ ಪ್ರಯೋಜನವುಂಟೆ ಎಂಬ ಪ್ರಶ್ನೆಗೆ, ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ಪ್ರಯೋಗವೊಂದು 1998ರಲ್ಲಿ ಉತ್ತರ ಕೊಟ್ಟಿತು. ರೋಗವು ಹೊಸದಾಗಿ ಪತ್ತೆಯಾದ, ಬಹುಮಟ್ಟಿಗೆ ನಡುವಯಸ್ಸಿನವರಲ್ಲಿ ಈ ಅಂಕಿಯನ್ನು 7.9ರ ಬದಲು 7.0ರ ಸುಮಾರಿಗೆ ಇಳಿಸಿದಾಗ, ಕಣ್ಣು, ಮೂತ್ರಪಿಂಡ ಮೊದಲಾದವುಗಳ ಸೂಕ್ಷ್ಮ ರಕ್ತನಾಳಗಳಿಗೆ ತಗಲುವ ಉಪದ್ರವಗಳು ಶೇಕಡಾ 25ರಷ್ಟು ಕಡಮೆಯಾದುವು. ಇನ್ನೂ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೆ? ತರ್ಕವೇನೋ ಹಾಗೆಯೇ ಹೇಳುತ್ತದೆ. ಅಮೆರಿಕ, ಕೆನಡಾಗಳಲ್ಲಿ 10,251 ಮಂದಿಯ ಮೇಲೆ ನಡೆದ ‘ಅಕಾರ್ಡ್’ ಪ್ರಯೋಗವು ಈ ತರ್ಕವನ್ನೇ ಪರೀಕ್ಷಿಸಿತು. ಇವರು ಸುಮಾರು ಹತ್ತು ವರ್ಷಗಳಿಂದ ರೋಗವಿದ್ದವರು. ಸರಾಸರಿ ವಯಸ್ಸು 62. ಹೃದ್ರೋಗವುಳ್ಳವರು ಅಥವಾ ಅದರ ಸಂಭವ ಹೆಚ್ಚಾಗಿದ್ದವರು. ಅರ್ಧದಷ್ಟು ಮಂದಿಗೆ 6ಕ್ಕಿಂತ ಕೆಳಗಿನ ಗುರಿ, ಉಳಿದವರಿಗೆ 7ರಿಂದ 7.9. ಬಿಗಿಯಾದ ಚಿಕಿತ್ಸೆಗೊಳಗಾದವರಲ್ಲಿ 257 ಮಂದಿ, ಉಳಿದವರಲ್ಲಿ 203 ಮಂದಿ ಮರಣಹೊಂದಿದರು. 2008ರ ಫೆಬ್ರವರಿಯಲ್ಲಿ ಬಿಗಿಚಿಕಿತ್ಸೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು.

ಇವೆರಡೂ ಪರಸ್ಪರ ವಿರುದ್ಧವೆಂದು ತಿಳಿಯಬೇಕಾಗಿಲ್ಲ. ಪರೀಕ್ಷೆಗೊಳಗಾದ ಜನರೂ ಇಟ್ಟುಕೊಂಡ ಗುರಿಯೂ ಬೇರೆ. ಪ್ರಯೋಗಗಳ ಸಾಕ್ಷ್ಯವು ವೈದ್ಯನ ಅನುಭವಕ್ಕೆ ದಾರಿ ತೋರಬಲ್ಲುದೇ ಹೊರತು ಅದರ ಸ್ಥಾನವನ್ನು ಆಕ್ರಮಿಸಲಾರದೆಂದು ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲಿಯೇ ಬರೆದಿದ್ದರು. ಆದುದರಿಂದಲೇ ಬಹುಪಾಲು ವಯಸ್ಕರಿಗೆ 7ರ ಗುರಿಯಿಟ್ಟರೂ, ಅನೇಕ ಕಾಯಿಲೆಗಳಿರುವ ಅಶಕ್ತ ವೃದ್ಧರಿಗೆ 8ರ ಆಸುಪಾಸು ಸಾಕೆನ್ನುತ್ತಾರೆ.

ವೃದ್ಧರಲ್ಲಿ ಹೆಚ್ಚು ಭಯಪಡಬೇಕಾದುದು ಸಕ್ಕರೆ ಥಟ್ಟನೆ ಇಳಿಯುವುದಕ್ಕೆ. ತರುಣರಲ್ಲಿ ಬೆವರು, ನಡುಕ, ಹಸಿವುಗಳು ಎಚ್ಚರಿಸುತ್ತವೆ; ವೃದ್ಧರಲ್ಲಿ ಮಂಕು, ತೊದಲು, ಬೀಳುವಿಕೆ ಇಷ್ಟೇ ಕಾಣಿಸಬಹುದು, ಮನೆಯವರು ಅದನ್ನು ಮುಪ್ಪೆಂದುಕೊಳ್ಳುತ್ತಾರೆ. ಗ್ಲಿಬೆನ್‌ಕ್ಲಮೈಡ್‌ನಂತಹ ಗುಳಿಗೆಗಳು ದೀರ್ಘಕಾಲ ಕೆಲಸಮಾಡುತ್ತವೆ. ಮೂತ್ರಪಿಂಡ ಸೊರಗಿದ್ದರೆ ದೇಹದಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತವೆ. ಏಕಾದಶಿಯ ದಿನ ಗುಳಿಗೆ ನುಂಗಿ ನಿರಾಹಾರವಿರುವ ತಾಯಂದಿರ ಗತಿಯನ್ನು ಊಹಿಸಿರಿ! ಅಳೆದಾಗ ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆಯ ಬಳಿಕ ಮತ್ತೆ ಅಳೆಯತಕ್ಕದ್ದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಅಂಕಿಯೂ ಸದಾ ನಂಬತಕ್ಕದ್ದಲ್ಲ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಉಂಟಾದವರಲ್ಲಿ ಅದು ನಿಜಕ್ಕಿಂತ ಹೆಚ್ಚಾಗಿ ತೋರಬಹುದು. ಕೆಂಪು ರಕ್ತಕಣಗಳು ಬೇಗ ನಾಶವಾಗುವವರಲ್ಲಿ ಕಡಮೆಯಾಗಿ ತೋರುತ್ತದೆ. ಹಾಗೆಂದು ‘ನನ್ನ ದೇಹಪ್ರಕೃತಿಯೇ ಬೇರೆ’ ಎಂದು ಗುಳಿಗೆಯನ್ನು ತಾವಾಗಿಯೇ ಬಿಡುವವರನ್ನು ನಾನು ಸಮರ್ಥಿಸುವುದಿಲ್ಲ. ಪ್ರಕೃತಿ ಬೇರೆಯೆಂಬುದನ್ನು ವೈದ್ಯರೊಡನೆ ಕುಳಿತು ನಿರ್ಧರಿಸಬೇಕು.

ಇಲ್ಲಿ ಹೊರನಾಡಿನ ನಮಗೊಂದು ವಿಶೇಷ ತೊಡಕು ಉಂಟು. ಊರಿನಿಂದ ಬಂದ ತಾಯಿಗೆ ಕನ್ನಡವಷ್ಟೇ ಗೊತ್ತು, ವೈದ್ಯರು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಕೇಳುತ್ತಾರೆ, ಮಗ ಉತ್ತರಿಸುತ್ತಾನೆ. ‘ನಸುಕಿನಲ್ಲಿ ಎದ್ದರೆ ಕಣ್ಣು ಕತ್ತಲಿಡುತ್ತದೆ, ಮೈಯೆಲ್ಲ ಬೆವರುತ್ತದೆ’ ಎಂಬ ಆಕೆಯ ಮಾತು ‘ಸ್ವಲ್ಪ ವೀಕ್‌ನೆಸ್’ ಆಗಿ ವೈದ್ಯರ ಕಿವಿ ತಲಪುತ್ತದೆ. ಟಾನಿಕ್ಕಿನ ಚೀಟಿ ಹೊರಬರುತ್ತದೆ. ಹೋಗುವ ಹಿಂದಿನ ದಿನವೇ ತಾಯಿಯನ್ನು ಕೂಡಿಸಿಕೊಂಡು, ಯಾವ ಹೊತ್ತಿನಲ್ಲಿ ಏನಾಗುತ್ತದೆ, ಎಷ್ಟು ಉಣ್ಣುತ್ತಾರೆ, ಯಾವ ದಿನ ಉಪವಾಸ, ಬಿದ್ದುದುಂಟೆ, ಬೇರೆ ಯಾವ ಗುಳಿಗೆ ನುಂಗುತ್ತಾರೆ ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ಕಳೆದ ಸಲದ ಕ್ರಿಯಾಟಿನಿನ್ ವರದಿಯೊಂದಿಗೆ ಒಯ್ಯಿರಿ.