ಕೋವಿ: ಹಕ್ಕೋ, ಅನುಮತಿಯೋ?

ಪೌರನೀತಿಯ ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅಮೆರಿಕದಲ್ಲಿ ಅಂಗಡಿಗೆ ಹೋಗಿ ಕೋವಿ ಕೊಂಡು ತರಬಹುದಂತೆ. ಕೊಡಗಿನಲ್ಲಿ ಲೈಸೆನ್ಸೇ ಬೇಡವಂತೆ. ನಮ್ಮ ಹೊಲಕ್ಕೆ ಹಂದಿ ನುಗ್ಗಿದರೆ ನಾವು ಮಾತ್ರ ತಗಡು ಬಡಿಯುತ್ತಾ ಕೂರಬೇಕೇ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ತೊಪ್ಪೂರು ಘಾಟಿಯ ಅಕ್ಕಪಕ್ಕದ ಗುಡ್ಡಗಳ ಅಂಚಿನಲ್ಲಿ ರಾಗಿ, ಕಡಲೆಕಾಯಿ, ಮರಗೆಣಸು ಬೆಳೆಯುವವರ ಮಕ್ಕಳೇ ನಮ್ಮಲ್ಲಿ ಓದುವವರು. ಅಂದು ಗಂಟೆ ಹೊಡೆದುದರಿಂದ ಉತ್ತರ ಅರ್ಧಕ್ಕೇ ನಿಂತಿತು. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಧರ್ಮಪುರಿ ಸೀಮೆಯಲ್ಲಿ ವೀರಗಲ್ಲುಗಳು ಬಹಳ. ದನ ಕಾಯಲು ಹೋರಾಡಿ ಸತ್ತವನ ಕೈಯಲ್ಲಿ ಬಿಲ್ಲೋ ಕತ್ತಿಯೋ ಇರುವುದನ್ನು ನೀವು ನೋಡಿರಬಹುದು. ಆ ಕಾಲದಲ್ಲಿ ಆಯುಧವಿಟ್ಟುಕೊಳ್ಳಲು ಊರಿನವನು ಯಾರ ಕಚೇರಿಗೂ ಅರ್ಜಿ ಹಾಕಬೇಕಾಗಿರಲಿಲ್ಲ. ಇದು ಬದಲಾದದ್ದು ಬ್ರಿಟಿಷರ ಆಳಿಕೆಯಲ್ಲಿ. 1857ರ ದಂಗೆಯಿಂದ ಬೆದರಿದ ಸರ್ಕಾರವು ಜನರನ್ನು ನಿರಾಯುಧರನ್ನಾಗಿ ಮಾಡುವ ಕಾನೂನುಗಳನ್ನು ತಂದಿತು. 1878ರಲ್ಲಿ ವೈಸ್‌ರಾಯ್ ಲಿಟ್ಟನ್‌ನ ಕಾಲದಲ್ಲಿ ಆಯುಧಗಳ ಕಾಯಿದೆ ಬಂತು. ಅದರಂತೆ ಭಾರತೀಯನು ಕೋವಿ ಇಟ್ಟುಕೊಳ್ಳಲು ಪರವಾನಗಿ ಪಡೆಯಬೇಕು. ಯೂರೋಪಿಯನ್ನರಿಗೆ ಆ ಕಟ್ಟಳೆ ಇಲ್ಲ! ಜನರನ್ನು ನೋಯಿಸಿದ್ದು ಪರವಾನಗಿಗಿಂತ ಹೆಚ್ಚಾಗಿ ಈ ಪಂಕ್ತಿಭೇದ. ಅಹಿಂಸೆಯನ್ನು ಬೋಧಿಸಿದ ಗಾಂಧೀಜಿಯವರೇ 1930ರಲ್ಲಿ ವೈಸ್‌ರಾಯ್ ಇರ್ವಿನ್‌ರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ಕೊಡಬೇಕೆಂಬುದೂ ಒಂದಾಗಿತ್ತು. 1931ರಲ್ಲಿ ಕಾಂಗ್ರೆಸ್ಸು ಮೂಲಭೂತ ಹಕ್ಕುಗಳ ಪಟ್ಟಿ ಮಾಡಿದಾಗ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಅದರಲ್ಲಿ ಸೇರಿಸಿತ್ತು.

ಹಾಗಾದರೆ ಸ್ವಾತಂತ್ರ್ಯ ಬಂದ ಮೇಲೆ ಆ ಹಕ್ಕು ಎಲ್ಲಿ ಹೋಯಿತು? 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆಯಿತು. ಆಯುಧ ಹೊಂದುವುದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ದೇಶ ವಿಭಜನೆಯ ರಕ್ತ ಇನ್ನೂ ಆರಿರದ ದಿನಗಳವು ಎಂಬುದನ್ನು ನಾವು ನೆನೆಯಬೇಕು. ಇಂದು 19ನೇ ಅನುಚ್ಛೇದವನ್ನು ತೆರೆದು ನೋಡಿರಿ. ಸಭೆ ಸೇರುವ ಹಕ್ಕು ಅಲ್ಲಿದೆ. ಆದರೆ ಶಾಂತಿಯಿಂದ, ಆಯುಧಗಳಿಲ್ಲದೆ ಎಂದು ಅದೇ ಉಸಿರಿನಲ್ಲಿ ಹೇಳಿದೆ. ಆಯುಧದ ವಿಷಯದಲ್ಲಿ ಸಂವಿಧಾನ ಒಪ್ಪಿದ್ದು ಒಂದನ್ನು: 25ನೇ ಅನುಚ್ಛೇದದ ವಿವರಣೆಯಂತೆ ಸಿಖ್ಖರು ಕಿರ್ಪಾಣವನ್ನು ಧರಿಸಬಹುದು. ಹೀಗಾಗಿ ನಮ್ಮಲ್ಲಿ ಕೋವಿ ಎಂಬುದು ಹಕ್ಕಲ್ಲ, ಸರ್ಕಾರ ಕೊಡುವ ಅನುಮತಿ. ಅದಕ್ಕೆ ಆಧಾರವಾಗಿರುವುದು 1959ರ ಆಯುಧಗಳ ಕಾಯಿದೆ.

ಈಗ ಕೊಡಗಿನ ವಿಷಯ. ಈ ಕಥೆಯಲ್ಲಿ ಹೆಚ್ಚು ಸ್ವಾರಸ್ಯ ಇರುವುದು ಇಲ್ಲಿಯೇ.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ದಂಗೆಯ ಕಾಲದಲ್ಲಿ ಕೊಡಗು ಅವರ ವಿರುದ್ಧ ಏಳಲಿಲ್ಲ. ಇದನ್ನು ಮೆಚ್ಚಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು, ಆಯುಧ ಕಿತ್ತುಕೊಳ್ಳುವ ಕಾನೂನು ಕೊಡಗಿಗೆ ಅನ್ವಯಿಸದೆಂದು ಪ್ರಕಟಿಸಿದನು. (ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಇವನದೇ ಹೆಸರು.) ಕೊಡವರಿಗೆ ಕೋವಿ ಬರಿಯ ಆಯುಧವಲ್ಲ. ಸೆಪ್ಟೆಂಬರ್ ತಿಂಗಳ ಕೈಲ್‌ಪೊಳ್ದ್ ಹಬ್ಬದಲ್ಲಿ ಅದನ್ನು ಹೂವಿಟ್ಟು ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಪಂದ್ಯ ನಡೆಸುತ್ತಾರೆ. ಪುತ್ತರಿಯ ದಿನ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಹುಟ್ಟು ಸಾವುಗಳಾದರೂ ಗುಂಡಿನ ಸದ್ದೇ ಊರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇದೇ ನಾಡಿನವರು.

ಸ್ವತಂತ್ರ ಭಾರತದ ಸರ್ಕಾರವೂ 1963ರಲ್ಲಿ ಈ ವಿನಾಯಿತಿಯನ್ನು ಮುಂದುವರಿಸಿತು. ಕೊಡವ ಜನಾಂಗದವರಿಗೂ, ಜಮ್ಮಾ ಹಿಡುವಳಿ ಇರುವ ಎಲ್ಲರಿಗೂ ಇದು ಸಲ್ಲುತ್ತದೆ. ಜಮ್ಮಾ ಎಂದರೆ ವಂಶಪಾರಂಪರ್ಯವಾಗಿ ಬಂದ ಒಂದು ಬಗೆಯ ಭೂಹಿಡುವಳಿ. ಕೊಡವರಲ್ಲದ ಜಮ್ಮಾದಾರರೂ ಇದ್ದಾರೆ. ಎಷ್ಟು ಬೇಕಾದರೂ ಕೋವಿ ಇಡಬಹುದೆಂದು ಯಾರೂ ತಿಳಿಯಬಾರದು. ವಿನಾಯಿತಿಗೂ ಮಿತಿ, ಷರತ್ತುಗಳುಂಟು.

ಕೊಡಗಿನ ಬೇರೆ ನಿವಾಸಿಗಳ ಮಾತೇನು? ಅದೇ ಮಳೆ, ಅದೇ ಕಾಡು, ಅದೇ ಆನೆ. ಅವರು ಮಾತ್ರ ಅರ್ಜಿ ಹಿಡಿದು ನಿಲ್ಲಬೇಕು. ಹುಟ್ಟಿನಿಂದಲೂ ಭೂಮಿಯಿಂದಲೂ ಬರುವ ಈ ಸವಲತ್ತು, ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬ 14ನೇ ಅನುಚ್ಛೇದಕ್ಕೆ ವಿರುದ್ಧವೆಂದು ನಿವೃತ್ತ ಸೇನಾಧಿಕಾರಿಯೊಬ್ಬರು ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2019ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರವು ವಿನಾಯಿತಿಯನ್ನು ಮತ್ತೆ ಹೊರಡಿಸಿತು. ಆದರೆ ಈ ಬಾರಿ 2029ರವರೆಗೆ, ಹತ್ತು ವರ್ಷಗಳಿಗೆ ಮಾತ್ರ. 2021ರ ಸೆಪ್ಟೆಂಬರ್ 22ರಂದು ಉಚ್ಚ ನ್ಯಾಯಾಲಯ ಸರ್ಕಾರದ ಕಡೆಗೆ ತೀರ್ಪಿತ್ತಿತು. ಕೊಡವರು ಯೋಧ ಪರಂಪರೆಯವರು, ಸ್ವಾತಂತ್ರ್ಯಕ್ಕೆ ಮುಂಚಿನಿಂದಲೂ ಈ ವಿನಾಯಿತಿಯನ್ನು ಅನುಭವಿಸುತ್ತಿದ್ದಾರೆ, ಇದು ಕೊನೆಯಿಲ್ಲದ ವಿನಾಯಿತಿಯಲ್ಲ, ಷರತ್ತುಗಳೂ ಇವೆ ಎಂಬುದು ಅದರ ಸಾರ.

ನನಗೆ ಎರಡು ಕಡೆಯ ಮಾತಿನಲ್ಲೂ ಹುರುಳು ಕಾಣುತ್ತದೆ. ಹಬ್ಬದ ಕೋವಿಯನ್ನು ಕಿತ್ತುಕೊಂಡರೆ ಒಂದು ಜನಾಂಗದ ಮನಸ್ಸು ನೋಯುತ್ತದೆ. ಆದರೆ ಲಿಟ್ಟನ್‌ನ ಕಾಯಿದೆಯಲ್ಲಿ ನಮ್ಮ ಹಿರಿಯರು ದೂರಿದ್ದೂ ಒಬ್ಬನಿಗೊಂದು, ಇನ್ನೊಬ್ಬನಿಗೊಂದು ಎಂಬ ನೀತಿಯನ್ನೇ ಅಲ್ಲವೇ?

ಇನ್ನು ಅಮೆರಿಕ. ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು ಆಯುಧ ಹೊಂದುವುದನ್ನು ಜನರ ಹಕ್ಕೆಂದೇ ಹೇಳುತ್ತದೆ. ಆದ್ದರಿಂದ ಅಲ್ಲಿ ಸರ್ಕಾರ ಕೋವಿಯನ್ನು ನಿಷೇಧಿಸಿದರೆ ಪ್ರಜೆಯೇ ಸರ್ಕಾರವನ್ನು ಕೋರ್ಟಿಗೆ ಎಳೆಯುತ್ತಾನೆ. ರಾಜಧಾನಿ ವಾಷಿಂಗ್ಟನ್ ನಗರವು 1976ರಲ್ಲಿ ಕೈಬಂದೂಕುಗಳನ್ನು ನಿಷೇಧಿಸಿತ್ತು. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ! 2010ರಲ್ಲಿ ಈ ಹಕ್ಕು ರಾಜ್ಯಗಳನ್ನೂ ನಗರಗಳನ್ನೂ ಕಟ್ಟಿಹಾಕುತ್ತದೆಂದು ಷಿಕಾಗೋ ಮೊಕದ್ದಮೆಯಲ್ಲಿ ಹೇಳಿತು. ಬಂದೂಕನ್ನು ಹೊರಗೆ ಒಯ್ಯಲು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕ್ ರಾಜ್ಯದ ನೂರು ವರ್ಷಕ್ಕೂ ಹಳೆಯ ಕಟ್ಟಳೆ 2022ರಲ್ಲಿ ಬಿದ್ದಿತು. ಅಲ್ಲಿ ಶಾಲೆಗಳಲ್ಲಿ ಮಕ್ಕಳು ಗುಂಡಿಗೆ ಬಲಿಯಾದ ಸುದ್ದಿ ಬಂದಾಗಲೆಲ್ಲ ಕೆಲವು ರಾಜ್ಯಗಳು ಹೊಸ ನಿಷೇಧ ತರುತ್ತವೆ, ಮರುದಿನವೇ ಮೊಕದ್ದಮೆ. ನಮ್ಮ ಸುಪ್ರೀಂ ಕೋರ್ಟು 2023ರಲ್ಲಿ ಪರವಾನಗಿ ಇಲ್ಲದ ಬಂದೂಕುಗಳ ಹಾವಳಿಯನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಾಗ, ಅಮೆರಿಕದಂತಹ ಹಕ್ಕು ಇಲ್ಲಿಲ್ಲವೆಂಬುದನ್ನು ಎತ್ತಿ ಹೇಳಿತು. ಆ ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ಕರ್ನಾಟಕದವರೇ ಆದ ನ್ಯಾಯಮೂರ್ತಿ ನಾಗರತ್ನ ಅವರು.

ಸರಿ, ಹಂದಿಯ ಮಾತಿಗೆ ಬರೋಣ. ನಮ್ಮ ಗುಡ್ಡಗಾಡಿನ ಕೆಲವು ಮನೆಗಳಲ್ಲಿ ಅಟ್ಟದ ಮೇಲೆ ನಾಡಕೋವಿ ಅಡಗಿರುವುದು ಗುಟ್ಟೇನಲ್ಲ. ಅದನ್ನು ತಂದೊಪ್ಪಿಸಿದರೆ ಮೊಕದ್ದಮೆ ಹೂಡುವುದಿಲ್ಲವೆಂದು ಪೊಲೀಸರು ಹಳ್ಳಿಗಳಲ್ಲಿ ಕರೆ ಕೊಟ್ಟದ್ದುಂಟು. 2004ರ ಅಕ್ಟೋಬರ್ 18ರಂದು ನಮ್ಮ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ವೀರಪ್ಪನ್ ಸತ್ತನು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಕಾಡಂಚಿನ ಊರುಗಳು ಹೇಗಿದ್ದವೆಂದು ನಿಮ್ಮ ತಂದೆತಾಯಿಗಳನ್ನು ಕೇಳಿರಿ. 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದ ಸಾಧಾರಣ ಕೋವಿ ಸಿಕ್ಕರೂ ಶಿಕ್ಷೆ ಎರಡು ವರ್ಷಗಳಿಂದ ಐದು ವರ್ಷಗಳವರೆಗೆ. ಅಜ್ಜ ಬಿಟ್ಟುಹೋದದ್ದು ಎಂದರೆ ಕೋರ್ಟು ಕೇಳುವುದಿಲ್ಲ.

ಪೋಷಕರಲ್ಲಿ ಹಲವರಿಗೆ ತಿಳಿಯದ ಸಂಗತಿ ಒಂದಿದೆ. ಅದೇ ಕಾಯಿದೆಯ 13ನೇ ಕಲಮು ರೈತನನ್ನು ಮರೆತಿಲ್ಲ. ನಿಜವಾಗಿಯೂ ಬೆಳೆ ರಕ್ಷಣೆಗೆ ಬೇಕಾದರೆ, ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೇಳಬಹುದು. ಪೊಲೀಸರ ವರದಿ ತರಿಸಿಕೊಂಡು ಅಧಿಕಾರಿಯು ನಿರ್ಧರಿಸುತ್ತಾರೆ. ನಿರಾಕರಿಸಿದರೆ ಸಾಮಾನ್ಯವಾಗಿ ಕಾರಣವನ್ನು ಬರೆಹದಲ್ಲಿ ದಾಖಲಿಸಬೇಕು. ಅದರ ಮೇಲೆ ಮೇಲ್ಮನವಿಗೂ ಅವಕಾಶವುಂಟು. ಆದರೆ ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ಕಾಡುಪ್ರಾಣಿಗಳ ವಿಷಯಕ್ಕೆ 1972ರ ವನ್ಯಜೀವಿ ರಕ್ಷಣಾ ಕಾಯಿದೆ ಬೇರೆಯೇ ಇದೆ. ಸದ್ದು ಮಾಡಿ ಓಡಿಸುವುದು ಒಂದು, ಕೊಲ್ಲುವುದು ಇನ್ನೊಂದು.

ಪ್ರಶ್ನೆ ಕೇಳಿದ ಹುಡುಗನಿಗೆ ಕೊನೆಯದಾಗಿ ಒಂದು ಮಾತು: ಪರವಾನಗಿ ಪಡೆಯಲು ಇಪ್ಪತ್ತೊಂದು ವರ್ಷ ತುಂಬಿರಬೇಕು. ಅರ್ಜಿಯನ್ನು ಹಾಕುವುದಾದರೆ ನಿಮ್ಮ ತಂದೆಯವರು ಹಾಕಲಿ. ಅದನ್ನು ತಪ್ಪಿಲ್ಲದೆ ಬರೆದುಕೊಡುವ ಕೆಲಸ ನಿನ್ನದು. ಅಲ್ಲಿಯವರೆಗೆ ತಗಡನ್ನು ಜೋಪಾನವಾಗಿಟ್ಟುಕೋ.