ಡ್ಯೂಡ್ ರ‍್ಯಾಂಚಿಗೆ ಹೊರಡುವ ಮೊದಲು ಕೇಳಿಕೊಳ್ಳಬೇಕಾದ್ದು

ನನ್ನದು ಮೂರೆಕರೆ ಅಡಿಕೆ ತೋಟ. ಮಗ ಅಮೆರಿಕದ ಡೆನ್ವರಿನಲ್ಲಿದ್ದಾನೆ. ಕಳೆದ ವರ್ಷ ಫೋನಿನಲ್ಲಿ, "ಅಪ್ಪಾ, ಈ ಸಲ ಬನ್ನಿ. ಎಲ್ಲರೂ ಸೇರಿ ಒಂದು ವಾರ ಡ್ಯೂಡ್ ರ‍್ಯಾಂಚಿನಲ್ಲಿ ಇರೋಣ" ಅಂದ. ಮೂರೆಕರೆಯವನಿಗೆ ಇದೆಂಥ ಶೋಕಿ ಅನ್ನಬೇಡಿ, ಖರ್ಚು ಅವನದ್ದು! ಹೋಗಿ ಬಂದ ಮೇಲೆ ಬರೆಯಬೇಕೆನಿಸಿತು. ಮಕ್ಕಳು ಹೊರದೇಶದಲ್ಲಿರುವ ಕೃಷಿಕರು ನಮ್ಮಲ್ಲಿ ಈಗ ಬಹಳ ಮಂದಿ ಇದ್ದಾರಲ್ಲ.

ಏನಿದು?

ರ‍್ಯಾಂಚ್ ಅಂದರೆ ದನ, ಕುದುರೆ ಸಾಕುವ ದೊಡ್ಡ ಹುಲ್ಲುಗಾವಲು. ಡ್ಯೂಡ್ ಅಂದರೆ ಪಟ್ಟಣದಿಂದ ಬಂದ, ಈ ಕೆಲಸ ಗೊತ್ತಿಲ್ಲದವ. 1880ರ ದಶಕದ ಆರಂಭದಲ್ಲಿ ಈಗಿನ ಉತ್ತರ ಡಕೋಟದ ಮೆಡೋರಾ ಬಳಿ ಈಟನ್ ಸಹೋದರರ ರ‍್ಯಾಂಚಿಗೆ ಪೂರ್ವದ ಪಟ್ಟಣಗಳಿಂದ ಸ್ನೇಹಿತರು ಬಂದು ದಿನಗಟ್ಟಲೆ ಉಳಿಯುತ್ತಿದ್ದರು. ಊಟದ ಖರ್ಚು ಹೆಚ್ಚಾದಾಗ ಬಂದವರಿಂದ ಹಣ ಪಡೆಯುವ ಕ್ರಮ ಶುರುವಾಯಿತು. 1886–87ರ ಚಳಿಗೆ ಆ ಕಡೆ ಲೆಕ್ಕವಿಲ್ಲದಷ್ಟು ದನ ಸತ್ತವು. ಅಂಥ ಹೊತ್ತಿನಲ್ಲಿ ಅತಿಥಿಗಳ ದುಡ್ಡೂ ಒಂದು ಆಧಾರವೆಂದು ರ‍್ಯಾಂಚಿನವರಿಗೆ ತಿಳಿಯಿತು. ಈಟನ್ನರು 1904ರಲ್ಲಿ ವಯೋಮಿಂಗಿಗೆ ಸ್ಥಳ ಬದಲಿಸಿದರು. 1926ರಲ್ಲಿ ಇಂಥ ರ‍್ಯಾಂಚಿನವರೆಲ್ಲ ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು.

ಯಾವಾಗ ಹೋಗುವುದು?

ಅಲ್ಲಿನ ಮುಖ್ಯ ಸೀಸನ್ ಜೂನ್‌ನಿಂದ ಆಗಸ್ಟ್. ನಮಗೋ ಅದು ಕೊಳೆರೋಗದ ಕಾಲ! ನಾನು ಮಳೆ ಹಿಡಿಯುವ ಮೊದಲೇ ಒಂದು ಬೋರ್ಡೋ ಸಿಂಪಡಣೆ ಮುಗಿಸಿ ಹೊರಟೆ. ಎರಡನೆಯದಕ್ಕೆ ನಲವತ್ತು ದಿನದ ಹೊತ್ತಿಗೆ ವಾಪಸ್. ಸಿಂಪಡಣೆಯವರಿಗೆ ತಾರೀಕು ಹೇಳಿಟ್ಟೇ ಟಿಕೆಟ್ ತೆಗೆಸಿದ್ದು. ಒಳ್ಳೆಯ ರ‍್ಯಾಂಚುಗಳು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ. ಬೇಸಗೆಯಲ್ಲಿ ಹೆಚ್ಚಿನ ಕಡೆ ಪೂರ್ತಿ ವಾರಕ್ಕೇ ಬುಕ್ ಮಾಡಬೇಕು. ಮುಂಗಡ ಕೊಡುವ ಮೊದಲು, ಹೋಗಲಾಗದಿದ್ದರೆ ಎಷ್ಟು ವಾಪಸ್ ಸಿಗುತ್ತದೆ ಅಂತ ಕೇಳಿ.

ದುಡ್ಡಿನಲ್ಲಿ ಏನೆಲ್ಲ ಸೇರಿದೆ?

ಸಾಮಾನ್ಯವಾಗಿ ವಸತಿ, ಮೂರು ಹೊತ್ತು ಊಟ, ಕುದುರೆ ಸವಾರಿ ಎಲ್ಲ ಒಟ್ಟು ಲೆಕ್ಕದಲ್ಲೇ ಬರುತ್ತದೆ. ದೊಡ್ಡವರಿಗೆ ವಾರಕ್ಕೆ ಕೆಲವು ಸಾವಿರ ಡಾಲರ್ ಆಗುವುದುಂಟು. ತೆರಿಗೆ ಬೇರೆ. ಕೆಲಸದವರಿಗೆ ಭಕ್ಷೀಸು ಬೇರೆ, ಅದು ಅಲ್ಲಿ ಕಡ್ಡಾಯವೆಂಬಷ್ಟು ರೂಢಿ. ಇದನ್ನೆಲ್ಲ ಕೂಡಿಸಿದ ಮೇಲೆಯೇ ಹೋಗಬೇಕೋ ಬೇಡವೋ ನಿರ್ಧರಿಸಿ.

ನಾವು ಕೇಳಲು ಮರೆತದ್ದು

ಮೊಮ್ಮಗನಿಗೆ ಐದು ವರ್ಷ. ಹೋಗುವ ಎರಡು ತಿಂಗಳ ಮೊದಲಿನಿಂದಲೂ ಅವನಿಗೆ ಕುದುರೆಯದ್ದೇ ಕನಸು. ಮೊದಲ ದಿನ ಬೆಳಿಗ್ಗೆ ರ‍್ಯಾಂಗ್ಲರ್ (ಕುದುರೆ ನೋಡಿಕೊಳ್ಳುವಾತ) ಕೈ ಅಡ್ಡ ಹಿಡಿದ. ಆರು ವರ್ಷ ತುಂಬದವರನ್ನು ಗುಡ್ಡದ ದಾರಿಗೆ ಕರೆದೊಯ್ಯುವುದಿಲ್ಲವಂತೆ! ಮಗ ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ. ಮಗು ಬೇಲಿ ಹಿಡಿದು ಅತ್ತಿತು. ನನಗೂ ಸಿಟ್ಟು ಬಂತು. ಮಧ್ಯಾಹ್ನ ಅದೇ ಆಸಾಮಿ ಒಂದು ಮುದಿ ಕುದುರೆ ತಂದು, ಹಗ್ಗ ತಾನೇ ಹಿಡಿದು, ಅಂಗಳದಲ್ಲಿ ಅವನನ್ನು ಹತ್ತು ಸುತ್ತು ತಿರುಗಿಸಿದ. ತಪ್ಪು ಅವನದ್ದಲ್ಲ, ನಮ್ಮದು. ವಯಸ್ಸಿನ ಮಿತಿ ರ‍್ಯಾಂಚಿನಿಂದ ರ‍್ಯಾಂಚಿಗೆ ಬೇರೆ ಬೇರೆ. ಸವಾರರ ತೂಕಕ್ಕೂ ಹಲವೆಡೆ ಮಿತಿ ಇದೆ. ಇವೆರಡನ್ನು ಮೊದಲೇ ಕೇಳಬೇಕಿತ್ತು.

ಇನ್ನೂ ಕೆಲವು

* ಊಟ: ದನ ಸಾಕುವವರ ಮನೆ, ಮಾಂಸವೇ ಮುಖ್ಯ. ಸಸ್ಯಾಹಾರಿಗಳೆಂದು ಮೊದಲೇ ಬರೆದು ತಿಳಿಸಿದ್ದರಿಂದ ನಮಗೆ ತೊಂದರೆಯಾಗಲಿಲ್ಲ. ಉಪ್ಪಿನಕಾಯಿ ಮಾತ್ರ ಮಗನ ಮನೆಯಿಂದ ಒಯ್ದಿದ್ದೆವು.
* ಎತ್ತರ: ನಮ್ಮ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ಕೊಲೊರಾಡೋದ ಎಷ್ಟೋ ರ‍್ಯಾಂಚುಗಳು 8,000 ಅಡಿಯಲ್ಲಿವೆ. ಮೊದಲೆರಡು ದಿನ ತಲೆನೋವು, ಏದುಸಿರು ಬರಬಹುದು. ನೀರು ಚೆನ್ನಾಗಿ ಕುಡಿಯಬೇಕು, ಗಡಿಬಿಡಿ ಕೂಡದು. ಹೃದಯ, ಶ್ವಾಸದ ತೊಂದರೆಯಿದ್ದವರು ವೈದ್ಯರನ್ನು ಕೇಳಿಯೇ ಹೋಗಬೇಕು. ಪ್ರಯಾಣದ ವಿಮೆ ಮಾಡಿಸುವಾಗ ಕುದುರೆ ಸವಾರಿಯ ಪೆಟ್ಟೂ ಸೇರಿದೆಯೇ ನೋಡಿ.
* ಉಡುಪು: ಉದ್ದ ಪ್ಯಾಂಟು, ಹಿಮ್ಮಡಿ ಇರುವ ಬೂಟು. ಹಿಮ್ಮಡಿ ಇಲ್ಲದಿದ್ದರೆ ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ. ರಾತ್ರಿ ಚಳಿಗೆ ಸ್ವೆಟರ್ ಬೇಕೇ ಬೇಕು.
* ಸವಾರಿ ಬೇಡದವರಿಗೆ: ಮನೆಯಾಕೆಗೆ ಮಂಡಿನೋವು. ಅವಳು ಕುದುರೆ ಹತ್ತಲೇ ಇಲ್ಲ. ತೊರೆಯ ಬದಿಯಲ್ಲಿ ನಡೆದಳು, ಅಡುಗೆಯವರ ಹತ್ತಿರ ಬ್ರೆಡ್ ಮಾಡುವುದನ್ನು ನೋಡಿದಳು. ಇಂಥವರಿಗೆ ಅಲ್ಲಿ ಬೇರೇನಿದೆ ಅಂತ ವಿಚಾರಿಸಿಯೇ ಜಾಗ ಆರಿಸಬೇಕು.

ನನಗೆ ಸಿಕ್ಕ ಪಾಠ

ನಮ್ಮಲ್ಲೂ ತೋಟದಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಯೋಚನೆ ಹಲವರಿಗಿದೆ, ನನಗೂ ಇತ್ತು. ಹಂಚು, ಮಂಚ, ಕಕ್ಕಸು ಇದರದ್ದೇ ಲೆಕ್ಕ ಹಾಕುತ್ತಿದ್ದೆ. ಈಗ ಮೊದಲು ಇನ್ನೊಂದು ಪಟ್ಟಿ ಬರೆದಿದ್ದೇನೆ: ನಮ್ಮಲ್ಲಿ ಯಾವುದು ಆಗುವುದಿಲ್ಲ? ಮಕ್ಕಳು ಕೆರೆಗೆ ಒಬ್ಬರೇ ಇಳಿಯುವಂತಿಲ್ಲ. ಸಿಂಪಡಣೆ ಇರುವ ದಿನ ತೋಟಕ್ಕೆ ಪ್ರವೇಶವಿಲ್ಲ. ದುಡ್ಡು ಕೊಡುವವರ ಎದುರು 'ಇಲ್ಲ' ಅನ್ನುವುದು ಕಷ್ಟವೇ. ಆದರೆ ಆ ರ‍್ಯಾಂಗ್ಲರ್ ಹಾಗೆ ಹೇಳಿದ್ದರಿಂದಲೇ ಮೊಮ್ಮಗ ನಗುತ್ತಾ ಮನೆಗೆ ಬಂದ. ಮುಂದಿನ ವರ್ಷ ಅವನಿಗೆ ಆರು ತುಂಬುತ್ತದೆ. ಈಗಲೇ ದಿನ ಎಣಿಸುತ್ತಿದ್ದಾನೆ.