ಬೇರುಗಂಟಿಗೆ ಜಗ್ಗದ ಟೊಮೆಟೊ: ತಳಿ ಆರಿಸುವುದು ಹೇಗೆ?

ನೀರು, ಗೊಬ್ಬರ ಎರಡೂ ಸರಿಯಿದ್ದು ಟೊಮೆಟೊ ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತಿದ್ದರೆ ಬೇರಿನ ಮೇಲೆ ಅನುಮಾನ ಪಡಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯಂತೆ ಬೆಳೆ ಮೇಲೆ ಬೆಳೆ ಟೊಮೆಟೊ ಇಡುವ ಹೊಲಗಳಲ್ಲಿ ಬರಿಗಣ್ಣಿಗೆ ಕಾಣದ ನೆಮಟೋಡ್ ಹುಳುಗಳಿಗೆ ಸುಗ್ಗಿ. ಒಂದು ಹೆಣ್ಣು ಹುಳು ನೂರಾರು ಮೊಟ್ಟೆ ಇಡುತ್ತದೆ.

ಇವನ್ನು ತಡೆಯುವ ಗುಣ ಬಂದದ್ದು ಪೆರು ಮೂಲದ ಕಾಡು ಟೊಮೆಟೊದಿಂದ. ಕಾಡು ಗಿಡಕ್ಕೂ ನಾಟಿ ಟೊಮೆಟೊಗೂ ಅಡ್ಡತಳಿ ಮಾಡಿದರೆ ಬೀಜ ಬಲಿಯುತ್ತಿರಲಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ ಪಿ.ಜಿ. ಸ್ಮಿತ್ ಎಳೆಯ ಭ್ರೂಣವನ್ನೇ ಹೊರತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿ, 1944ರಲ್ಲಿ ಆ ವಿಧಾನ ಪ್ರಕಟಿಸಿದರು. ಹೀಗೆ ಬಂದ ‘ಎಂಐ’ ಜೀನ್ ಇರುವ ಗಿಡದಲ್ಲಿ, ಹುಳು ಬಾಯಿ ಹಾಕಿದ ಜಾಗದ ಜೀವಕೋಶಗಳು ತಾವೇ ಸಾಯುತ್ತವೆ. ಆಹಾರ ಸಿಗದೆ ಹುಳು ಬೆಳೆಯುವುದಿಲ್ಲ.

1. ಬೇರು ನೋಡಿ ಖಚಿತಪಡಿಸಿಕೊಳ್ಳುವುದು. ಗಿಡವನ್ನು ಕೀಳದೆ, ಮಣ್ಣು ಸಮೇತ ಅಗೆದು ಬೇರು ತೊಳೆಯಬೇಕು. ಉಬ್ಬಿದ ಗಂಟುಗಳಿದ್ದರೆ ನೆಮಟೋಡ್ ಬಾಧೆ ಎಂದೇ ಅರ್ಥ.

2. ಬೀಜದ ಪೊಟ್ಟಣ ಓದುವುದು. ರೋಗನಿರೋಧಕ ಎಂದಷ್ಟೇ ಬರೆದಿದ್ದರೆ ಸಾಲದು. ಹೆಸರುವಾಸಿಯಾದ ಅರ್ಕಾ ರಕ್ಷಕ್ ಎಲೆಮುದುಡು, ದುಂಡಾಣು ಸೊರಗು, ಅಂಗಮಾರಿಗಳನ್ನು ತಡೆಯಲು ರೂಪಿಸಿದ ತಳಿ. ಹಿಸಾರ್ ಲಲಿತ್ ಬೇರುಗಂಟಿಗೆಂದೇ ಬಂದದ್ದು. ‘ಎನ್’ ಅಕ್ಷರ ಅಥವಾ ನೆಮಟೋಡ್ ಹೆಸರು ನಮೂದಾಗಿದೆಯೇ ಎಂದು ನೋಡಬೇಕು. ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಕೆಲವು ಸಸಿಗಳಿಗೆ ಈ ಜೀನ್ ಬಾರದೇ ಹೋಗಬಹುದು.

3. ಮಣ್ಣು ತಂಪಾಗಿಡುವುದು. ಮಣ್ಣಿನ ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಜೀನ್ ಕೈಕೊಡುತ್ತದೆ. ಬೇಸಿಗೆ ನಾಟಿಗೆ ಒಣಹುಲ್ಲಿನ ಹೊದಿಕೆ ಹಾಸಿ, ಹನಿ ನೀರಾವರಿಯಲ್ಲಿ ತೇವ ಕಾಪಾಡಬೇಕು.

4. ಹುಳುವಿನ ಸಂಖ್ಯೆ ಇಳಿಸುವುದು. ನಾಟಿಗೆ ಮೊದಲು ಕಡುಬೇಸಿಗೆಯಲ್ಲಿ ಹದವಾಗಿ ನೀರು ಹಾಯಿಸಿ, ಪಾರದರ್ಶಕ ಪಾಲಿಥೀನ್ ಹಾಳೆಯನ್ನು 4ರಿಂದ 6 ವಾರ ಬಿಗಿಯಾಗಿ ಹೊದಿಸಿದರೆ ಮೇಲ್ಮಣ್ಣಿನ ಹುಳುಗಳು ಬಿಸಿಗೆ ಸಾಯುತ್ತವೆ. ಮಣ್ಣಿಗೆ ಬೇವಿನ ಹಿಂಡಿ ಸೇರಿಸುವುದೂ ಉಪಯುಕ್ತ.

5. ಬೆಳೆ ಬದಲಿಸುವುದು. ಟೊಮೆಟೊ ಮುಗಿದ ಮೇಲೆ ಬದನೆ, ಬೆಂಡೆ, ಸೌತೆ ಇಟ್ಟರೆ ಹುಳುವಿಗೆ ಮತ್ತೆ ಊಟ ಬಡಿಸಿದಂತೆ. ಬದಲಿಗೆ ಚೆಂಡುಹೂ ಒಳ್ಳೆಯದು. ಬದುವಿಗೆ ನಾಲ್ಕು ಗಿಡ ನೆಟ್ಟರೆ ಸಾಲದು, ಇಡೀ ತಾಕಿಗೆ ಒಂದು ಬೆಳೆಯಾಗಿಯೇ ಇಡಬೇಕು. ನಿರೋಧಕ ತಳಿಯನ್ನೂ ಒಂದೇ ತಾಕಿನಲ್ಲಿ ಪದೇಪದೇ ಬೆಳೆದರೆ, ಜೀನ್‌ಗೆ ಬಗ್ಗದ ಹುಳುಗಳೇ ಉಳಿದು ಹೆಚ್ಚುತ್ತವೆ.

6. ಕೊನೆಯ ಕೊಯ್ಲಿನ ನಂತರ. ಅಲ್ಲಲ್ಲಿ ಕೆಲವು ಗಿಡ ಅಗೆದು ಬೇರು ನೋಡಬೇಕು. ನಿರೋಧಕ ತಳಿಯಲ್ಲೂ ಗಂಟು ಕಂಡರೆ ಬೇರು ಮತ್ತು ಅದರ ಸುತ್ತಲಿನ ತೇವದ ಮಣ್ಣನ್ನು ಚೀಲದಲ್ಲಿ ಕಟ್ಟಿ, ಬಿಸಿಲಿಗೆ ಒಡ್ಡದೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬೇಕು.